ಸಿಗ್ನಲ್‌ನಲ್ಲಿ ಆರ್‌ಪಿಎಂ ಮುಳ್ಳು ಕುಣಿದರೆ ನಾಲ್ಕೂ ಇಂಜೆಕ್ಟರ್ ಬದಲಿಸಬೇಕೆ?

ಪ್ರಶ್ನೆ: ಹತ್ತು ವರ್ಷದ ಡೀಸೆಲ್ ಕಾರು. ಸ್ಟಾರ್ಟ್ ಆಗೋದು ಚೆನ್ನಾಗೇ ಆಗುತ್ತೆ. ಇಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ರೇಸ್ ತಾನಾಗೇ ಏರುತ್ತೆ, ಇಳಿಯುತ್ತೆ, ಒಮ್ಮೊಮ್ಮೆ ಇನ್ನೇನು ಆಫ್ ಆಗುತ್ತೆ ಅನ್ನಿಸುತ್ತೆ. ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ ಹೋಗಿದೆ ಅಂತಿದ್ದಾರೆ. ಬದಲಿಸಿಬಿಡಲೇ?

ಬೇಡ. ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಸದ್ಯಕ್ಕಂತೂ ಬದಲಿಸಬೇಡಿ. ಕಾರಿನ ಹೆಸರೊಂದು ಬಿಟ್ಟರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುತ್ತದೆ, ಉತ್ತರವೂ ಅದೇ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಗ್ಯಾರೇಜಿಗೆ ಹೋಗುವ ಮುಂಚೆ ಎರಡು ನಿಮಿಷ ಕಾರಿನಲ್ಲೇ ಕೂತು ನೋಡಿ. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು. ಎಸಿ ಆಫ್, ಹೆಡ್‌ಲೈಟ್ ಆಫ್, ಗೇರ್ ನ್ಯೂಟ್ರಲ್, ಕಾಲು ಕ್ಲಚ್ ಮೇಲೆ ಬೇಡ. ಎಸಿ ಆನ್ ಇದ್ದರೆ ಕಂಪ್ರೆಸರ್ ಸೇರಿಕೊಂಡಾಗಲೆಲ್ಲ ರೇಸ್ ಒಂದಿಷ್ಟು ಏರುವುದು ಸಹಜ. ಅದನ್ನೇ ರೋಗ ಅಂದುಕೊಂಡು ಬರುವವರೂ ಇದ್ದಾರೆ. ಈಗ ಒಂದನ್ನು ಮಾತ್ರ ಗಮನಿಸಿ: ಮುಳ್ಳು ಓಡಾಡುತ್ತಿದೆಯೋ, ಅಥವಾ ಮುಳ್ಳು ನಿಂತೇ ಇದ್ದು ಕಾರು ಮಾತ್ರ ನಡುಗುತ್ತಿದೆಯೋ?

ಇವೆರಡೂ ಬೇರೆ ಬೇರೆ ಕಾಯಿಲೆ. ಲೆಕ್ಕ ಹಾಕಿ ನೋಡಿ. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗಿನ ವೇಗ, 800 ಆರ್‌ಪಿಎಂ ಇದ್ದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 400 ಸಲ ಉರಿಯುತ್ತದೆ. ಸೆಕೆಂಡಿಗೆ ಆರೇಳು ಸಲ. ಒಂದು ಸಿಲಿಂಡರ್ ಸೊರಗಿದರೆ ಸೆಕೆಂಡಿಗೆ ಆರೇಳು ಸಲ ಸಣ್ಣದಾಗಿ ಜಗ್ಗುತ್ತದೆ. ಅದು ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗಿ ಅದುರುತ್ತದೆ. ಆದರೆ ಮುಳ್ಳಿಗೆ ಅಷ್ಟು ಬೇಗ ಹಿಂಬಾಲಿಸಲು ಆಗುವುದಿಲ್ಲ, ಅದು ಹೆಚ್ಚು ಕಡಿಮೆ ಅಲ್ಲಲ್ಲೇ ನಿಂತಿರುತ್ತದೆ. ಬದಲಿಗೆ ಮುಳ್ಳು 750ರಿಂದ 950ಕ್ಕೆ ಹೋಗಿ, ಒಂದೆರಡು ಸೆಕೆಂಡಿನಲ್ಲಿ ವಾಪಸ್ಸು ಬಂದು, ಮತ್ತೆ ಏರಿದರೆ ನಾಲ್ಕೂ ಸಿಲಿಂಡರ್‌ಗೆ ಒಟ್ಟಿಗೇ ಡೀಸೆಲ್ ಹೆಚ್ಚಾಗಿ, ಒಟ್ಟಿಗೇ ಕಡಿಮೆಯಾಗುತ್ತಿದೆ ಎಂದರ್ಥ. ಮೆಕ್ಯಾನಿಕ್‌ಗಳು ಹಂಟಿಂಗ್ ಅನ್ನುವುದು ಇದಕ್ಕೇ. ನೀವು ಬರೆದಿರುವುದೂ ಇದೇ.

ನಾಲ್ಕು ಇಂಜೆಕ್ಟರ್ ಮಾತಾಡಿಕೊಂಡು ಒಂದೇ ತಾಳಕ್ಕೆ ಕೆಡುತ್ತವೆಯೇ? ಕೆಡುವುದಿಲ್ಲ. ನಾಲ್ಕಕ್ಕೂ ಸೇರಿ ಒಂದೇ ಇರುವುದು ರೈಲ್, ಅಂದರೆ ಒತ್ತಡದ ಡೀಸೆಲ್ ತುಂಬಿಟ್ಟು ನಾಲ್ಕೂ ಇಂಜೆಕ್ಟರ್‌ಗೆ ಹಂಚುವ ಕೊಳವೆ, ಮತ್ತು ಅದಕ್ಕೆ ಡೀಸೆಲ್ ತುಂಬುವ ಪಂಪು. ಹುಡುಕಬೇಕಾದ್ದು ಅಲ್ಲಿ.

ಡೀಸೆಲ್ ಇಂಜಿನ್‌ನಲ್ಲಿ ಐಡ್ಲಿಂಗ್ ಹಿಡಿದಿಡುವುದು ಗಾಳಿಯಲ್ಲ, ಡೀಸೆಲ್. ತಿರುಗಿಸಲು ಸ್ಕ್ರೂ ಇಲ್ಲ, ಹಳೆಯ ಮೆಕ್ಯಾನಿಕಲ್ ಪಂಪಿನ ಕಾಲ ಮುಗಿಯಿತು. ಇಂಥ ರೈಲ್ ಇರುವ, ಅಂದರೆ ಕಾಮನ್ ರೈಲ್ ಕಾರುಗಳಲ್ಲಿ ಐಡ್ಲಿಂಗ್ ಹೊತ್ತಿಗೆ ರೈಲ್ ಒತ್ತಡ ಸುಮಾರು 250ರಿಂದ 300 ಬಾರ್ ಇರುತ್ತದೆ. ಪಂಪಿನೊಳಗೆ ಎಷ್ಟು ಡೀಸೆಲ್ ಬಿಡಬೇಕು ಎಂದು ನಿರ್ಧರಿಸುವುದು ಅದರ ಮೇಲೆ ಕೂತ ಒಂದು ಪುಟ್ಟ ವಾಲ್ವ್. ಟೊಯೋಟಾದವರಿಗೆ ಅದು ಎಸ್‌ಸಿವಿ, ಬೇರೆಯವರಿಗೆ ಮೀಟರಿಂಗ್ ವಾಲ್ವ್. ಈ ವಾಲ್ವಿನ ಕಡ್ಡಿ ಅಂಟಿಕೊಂಡರೆ ಒತ್ತಡ ಬೀಳುತ್ತದೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇನ್ನಷ್ಟು ತೆರೆ ಅನ್ನುತ್ತದೆ, ಕಡ್ಡಿ ಥಟ್ಟನೆ ಬಿಟ್ಟುಕೊಂಡು ಒತ್ತಡ ಬೇಕಾದ್ದಕ್ಕಿಂತ ಮೇಲೆ ಹಾರುತ್ತದೆ, ಇಸಿಯು ಮುಚ್ಚು ಅನ್ನುತ್ತದೆ. ಮುಳ್ಳಿನ ಕುಣಿತ ಎಂದರೆ ಇವರಿಬ್ಬರ ಹಗ್ಗಜಗ್ಗಾಟ. ಪಂಪಿಗೆ ಡೀಸೆಲ್ ಜೊತೆ ಗಾಳಿ ಬಂದರೂ, ಫಿಲ್ಟರ್ ಕಟ್ಟಿಕೊಂಡರೂ ಇದೇ ಆಟ.

ಆದ್ದರಿಂದ ಮೊದಲು ಫಿಲ್ಟರ್. ಕೊನೆಗೆ ಯಾವಾಗ ಬದಲಿಸಿದ್ದು ಎಂದು ನೆನಪಿಲ್ಲದಿದ್ದರೆ ಬದಲಿಸಿ. ಕೆಳಗಿನ ಡ್ರೈನ್ ಪ್ಲಗ್ ಸಡಿಲಿಸಿ ಗಾಜಿನ ಲೋಟಕ್ಕೆ ಒಂದಿಷ್ಟು ಇಳಿಸಿಕೊಳ್ಳಿ. ಐದು ನಿಮಿಷ ಬಿಟ್ಟು ನೋಡಿದರೆ ನೀರಿದ್ದಲ್ಲಿ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ, ಮೇಲೆ ಡೀಸೆಲ್. ಹೊಸ ಫಿಲ್ಟರ್ ಹಾಕಿದ ಮೇಲೆ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ. ಹ್ಯಾಂಡ್ ಪಂಪ್ ಇಲ್ಲದೆ ಟ್ಯಾಂಕಿನೊಳಗೇ ಪಂಪ್ ಇರುವ ಕಾರಾದರೆ ಸ್ಟಾರ್ಟ್ ಮಾಡದೆ ಕೀಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ.

ಆಮೇಲೆ ಗಾಳಿ. ಫಿಲ್ಟರಿನಿಂದ ಹೈ ಪ್ರೆಷರ್ ಪಂಪಿಗೆ ಹೋಗುವ ಕಡೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ಇಂಜಿನ್ ಓಡಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪೈಪ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮೊದಲ ನಿಮಿಷ ಗುಳ್ಳೆ ಬಂದರೆ ಚಿಂತೆಯಿಲ್ಲ. ಆಮೇಲೂ ಬರುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಮೆಕ್ಯಾನಿಕ್ "ಎಲ್ಲೂ ಲೀಕ್ ಇಲ್ಲ ಸಾರ್, ಒಣಗಿದೆ" ಎಂದು ತೋರಿಸುತ್ತಾರೆ, ಅದನ್ನು ನಂಬಿಕೊಂಡು ಕೂರಬೇಡಿ. ಪಂಪು ತಾನೇ ಟ್ಯಾಂಕಿನಿಂದ ಎಳೆದುಕೊಳ್ಳುವ ಕಾರುಗಳಲ್ಲಿ ಆ ಪೈಪಿನೊಳಗೆ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಹನಿಯುವುದಿಲ್ಲ. ಫಿಲ್ಟರ್ ಮುಚ್ಚಳದ ಓ-ರಿಂಗ್, ಪೈಪಿನ ಪ್ಲಾಸ್ಟಿಕ್ ಕ್ಲಿಪ್, ಗಡುಸಾಗಿ ಬಿರುಕು ಬಿಟ್ಟ ಹಳೆಯ ರಬ್ಬರ್, ಇವೇ ಸಾಮಾನ್ಯ ಕಳ್ಳರು. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿದಾಗ ಮಾತ್ರ ತೊಂದರೆ ಬಂದರೆ ಟ್ಯಾಂಕಿನೊಳಗಿನ ಪಿಕಪ್ ಪೈಪ್ ಮೇಲೆ ಅನುಮಾನ ಪಡಿ.

ಇವೆರಡೂ ಸರಿಯಿದ್ದರೆ ವಾಲ್ವ್. ತೆಗೆದು ತೊಳೆದರೆ ಸ್ವಲ್ಪ ದಿನ ಸುಮ್ಮನಿರುತ್ತದೆ, ಒಳಗೆ ಸವೆದಿದ್ದರೆ ಮತ್ತೆ ಶುರು. ಹೊಸದು ಹಾಕಿದಾಗ ಕೆಲವು ಕಾರುಗಳಲ್ಲಿ ಇಸಿಯು ಜೊತೆ ಮಾತಾಡುವ ಸ್ಕ್ಯಾನರ್ ಜೋಡಿಸಿ ಪಂಪಿನ ಕಲಿಕೆಯನ್ನು, ಅಂದರೆ ಹಳೆಯ ವಾಲ್ವಿಗೆ ತಕ್ಕಂತೆ ಇಸಿಯು ನೆನಪಿಟ್ಟುಕೊಂಡ ಲೆಕ್ಕವನ್ನು, ಹೊಸದಾಗಿ ಮಾಡಿಸಬೇಕು. ಬಿಟ್ಟರೆ ಹೊಸ ವಾಲ್ವ್ ಕೂಡ ಹಳೆಯದರ ಹಾಗೇ ಕುಣಿಯುತ್ತದೆ.

ಹಾಗಾದರೆ ಇಂಜೆಕ್ಟರ್ ಬದಲಿಸಿದವರಿಗೆಲ್ಲ ಸರಿಹೋಯಿತಲ್ಲ? ಈ ಮಾತು ಎಷ್ಟು ಹೇಳಿದರೂ ಸಾಯುವುದಿಲ್ಲ. ಆ ಕೆಲಸದಲ್ಲಿ ಏನೇನಾಗುತ್ತದೆ ನೋಡಿ. ಹೊಸ ಇಂಜೆಕ್ಟರ್‌ಗೆ ಕೊಳೆ ಹೋಗಬಾರದೆಂದು ಫಿಲ್ಟರ್ ಹೊಸದು ಹಾಕುತ್ತಾರೆ. ಪೈಪುಗಳನ್ನು ಬಿಚ್ಚಿ ಕಟ್ಟುವಾಗ ಓ-ರಿಂಗ್, ಕ್ಲಿಪ್ ಬದಲಾಗುತ್ತವೆ. ಗಾಳಿ ಪೂರ್ತಿ ತೆಗೆಯುತ್ತಾರೆ. ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಹೊಸದಾಗುತ್ತದೆ. ಸ್ಕ್ಯಾನರಿನಲ್ಲಿ ಹಳೆಯ ಕಲಿಕೆ ಅಳಿಸುತ್ತಾರೆ. ಕಾಯಿಲೆ ಈ ಪಟ್ಟಿಯಲ್ಲಿ ಎಲ್ಲಿದ್ದರೂ ವಾಸಿಯಾಗುತ್ತದೆ, ಹೆಸರು ಬರುವುದು ಇಂಜೆಕ್ಟರ್‌ಗೆ. ಒಂದಕ್ಕೇ ಹತ್ತು ಸಾವಿರ ದಾಟುವ ನಾಲ್ಕು ಭಾಗ ಹಾಕಿಸಿಕೊಂಡವರು "ಫಿಲ್ಟರಿನಿಂದ ಸರಿಹೋಯಿತೇನೋ" ಎಂದು ಯಾಕೆ ಒಪ್ಪುತ್ತಾರೆ?

ಇಂಜೆಕ್ಟರ್ ಕೆಡುವುದೇ ಇಲ್ಲ ಅಂತಲ್ಲ. ಮುಳ್ಳು ನಿಂತಿದ್ದು ಕಾರು ನಡುಗುವ ಕಾಯಿಲೆಯಲ್ಲಿ ಅದೂ ಆರೋಪಿಯೇ. ಆದರೆ ಸಾಕ್ಷಿ ಬೇಕು, ಸಾಕ್ಷಿ ಸುಲಭವಾಗಿ ಸಿಗುತ್ತದೆ. ಇಸಿಯು ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಎಷ್ಟು ಚುರುಕಾಯಿತು ಎಂದು ಅಳೆದು, ಸೊರಗಿದ್ದಕ್ಕೆ ಡೀಸೆಲ್ ಸ್ವಲ್ಪ ಹೆಚ್ಚು, ಜೋರಿದ್ದಕ್ಕೆ ಸ್ವಲ್ಪ ಕಡಿಮೆ ಕೊಡುತ್ತಿರುತ್ತದೆ. ಕಂಪನಿಯ ಮಟ್ಟದ ಸ್ಕ್ಯಾನರಿನಲ್ಲಿ ಈ ತಿದ್ದುಪಡಿ ನಾಲ್ಕು ಸಾಲಾಗಿ ಕಾಣುತ್ತದೆ. ಮೂರು ಸೊನ್ನೆಯ ಆಸುಪಾಸು, ಒಂದು ಮಾತ್ರ ದೂರ ಹೋಗಿದ್ದರೆ ಅದೇ ಸಿಲಿಂಡರ್. ಆ ಇಂಜೆಕ್ಟರ್ ಅನ್ನು ಪಕ್ಕದ ಸಿಲಿಂಡರಿಗೆ ಹಾಕಿ. ದೋಷ ಜೊತೆಗೇ ಹೋದರೆ ಇಂಜೆಕ್ಟರ್ ತಪ್ಪಿತಸ್ಥ. ಅಲ್ಲೇ ಉಳಿದರೆ ಆ ಸಿಲಿಂಡರಿನ ಕಂಪ್ರೆಷನ್ (ಗಾಳಿಯನ್ನು ಅದುಮುವ ಶಕ್ತಿ) ನೋಡಿಸಿ. ಬದಲಾಯಿಸುವಾಗ ಇಂಜೆಕ್ಟರ್ ತಲೆಯ ಮೇಲೆ ಕೊರೆದಿರುವ ಅಕ್ಷರ, ಅಂಕಿಗಳ ಕೋಡನ್ನು ಇಸಿಯುಗೆ ತುಂಬಬೇಕು. ತುಂಬದಿದ್ದರೆ ಹೊಚ್ಚ ಹೊಸದೂ ನಡುಗಿಸುತ್ತದೆ.

ಇನ್ನೊಂದು ಪರೀಕ್ಷೆ ರಿಟರ್ನ್ ಅಳತೆ. ನಾಲ್ಕೂ ಇಂಜೆಕ್ಟರಿನ ವಾಪಸ್ ಪೈಪಿಗೆ ಒಂದೇ ಅಳತೆಯ ನಾಲ್ಕು ಬಾಟಲಿ ಕಟ್ಟಿ, ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಒಂದು ಬಾಟಲಿ ಉಳಿದವಕ್ಕಿಂತ ಎರಡು ಮೂರು ಪಟ್ಟು ತುಂಬಿದರೆ ಅದು ಸೋರುತ್ತಿದೆ, ರೈಲ್ ಒತ್ತಡವನ್ನೂ ಎಳೆದು ಬೀಳಿಸುತ್ತಿದೆ. ಹೀಗಿದ್ದಾಗ ಬಿಸಿ ಇಂಜಿನ್ ಸ್ಟಾರ್ಟ್ ಆಗಲು ಸತಾಯಿಸುವುದು ಸಾಮಾನ್ಯ. ನಿಮ್ಮದು ಹಾಗಿಲ್ಲ ಎಂದು ಬರೆದಿದ್ದೀರಿ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಕಟ್ಟಿ, ಚುಫ್ ಚುಫ್ ಸದ್ದು ಬರುತ್ತಿದ್ದರೆ ಹೋಗಿರುವುದು ತಾಮ್ರದ ವಾಷರ್.

ಒಂದು ಎಚ್ಚರಿಕೆ. ಹಳೆಯ ಕಾಲದ ಹಾಗೆ ಇಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವುದು ಕಾಮನ್ ರೈಲ್‌ನಲ್ಲಿ ಕೂಡದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ, ಆದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂಜೆಕ್ಟರಿನ ವೈರ್ ಕನೆಕ್ಟರ್ ಕೀಳುವುದೂ ಬೇಡ, ಸಿಲಿಂಡರ್ ಒಂದೊಂದಾಗಿ ನಿಲ್ಲಿಸಿ ನೋಡಲು ಸ್ಕ್ಯಾನರ್ ಇದೆ.

ಉಳಿದವು ಚುಟುಕಾಗಿ. ಕಪ್ಪು ಹೊಗೆಯೊಂದಿಗೆ ನಡುಕವಿದ್ದರೆ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಬಿಡುವ ವಾಲ್ವ್) ಮಸಿ ಕಟ್ಟಿ ತೆರೆದೇ ನಿಂತಿರಬಹುದು, ತೆಗೆಸಿ ತೊಳೆಸಿ. ತಗಡು ಹಾಕಿ ಶಾಶ್ವತವಾಗಿ ಮುಚ್ಚಿಸಬೇಡಿ. ಕ್ಲಚ್ ಒತ್ತಿದ ಕೂಡಲೇ ಕಟಕಟ ನಿಂತರೆ ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ ಮತ್ತು ಕ್ಲಚ್ ನಡುವೆ ಅದುರು ತಗ್ಗಿಸುವ ಭಾರದ ಚಕ್ರ) ಅಥವಾ ಗೇರ್‌ಬಾಕ್ಸ್ ಕಡೆ ನೋಡಿ. ಬಾನೆಟ್ ತೆಗೆದಾಗ ಇಂಜಿನ್ ಸದ್ದು ನಯವಾಗಿದ್ದು ಒಳಗೆ ಸೀಟು ಮಾತ್ರ ನಡುಗಿದರೆ ಇಂಜಿನ್ ಮೌಂಟ್, ಅಂದರೆ ಇಂಜಿನ್ ಕೂತಿರುವ ರಬ್ಬರ್ ಆಸರೆ.

ಅಂದಹಾಗೆ, ಇಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇದ್ದಾಗ ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 90 ಅಥವಾ 91 ಕಿಲೋಪಾಸ್ಕಲ್ ತೋರಿಸಿದರೆ "101 ಬರಬೇಕಿತ್ತು, ಸೆನ್ಸರ್ ಹೋಗಿದೆ" ಅನ್ನುವವರ ಮಾತಿಗೆ ದುಡ್ಡು ಕೊಡಬೇಡಿ. 101 ಸಮುದ್ರ ಮಟ್ಟದ ಮಂಗಳೂರಿನ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿಯ ಗಾಳಿಯ ಒತ್ತಡವೇ ಅಷ್ಟು.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬಿಎಸ್-6 ಡೀಸೆಲ್ ಇಟ್ಟುಕೊಂಡವರು ಸದ್ಯದಲ್ಲೇ ಕೇಳುತ್ತಾರೆ. ಅವರ ಕಾರಿನಲ್ಲಿ ಐಡ್ಲಿಂಗ್ ಒಮ್ಮೊಮ್ಮೆ 1000ದ ಹತ್ತಿರ ಏರಿ ಅಲ್ಲೇ ನಿಲ್ಲುತ್ತದೆ, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಇದು ದೋಷವಲ್ಲ. ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್, ಅಂದರೆ ಡಿಪಿಎಫ್, ತನ್ನೊಳಗಿನ ಮಸಿಯನ್ನು 600 ಡಿಗ್ರಿ ಆಸುಪಾಸಿನಲ್ಲಿ ಸುಟ್ಟುಕೊಳ್ಳುತ್ತಿದೆ. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಇದು ಶುರುವಾಗಿ, ಮನೆ ಬಂತೆಂದು ನೀವು ಕೀ ತಿರುಗಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ದಿನಾ ಹೀಗೇ ಆದರೆ ಮಸಿ ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪಿಎಫ್ ದೀಪ ಹತ್ತಿದರೆ ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ 2000 ಆರ್‌ಪಿಎಂ ಮೇಲೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ ಬನ್ನಿ. ತಿಂಗಳಿಗೊಮ್ಮೆ, ಕಾರು ಸಮತಟ್ಟಾದ ಜಾಗದಲ್ಲಿ ನಿಂತಿದ್ದಾಗ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬರುತ್ತಿದ್ದರೆ ಸರ್ವಿಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಿಸಿ.