ಎಚ್‌ಡಿಆರ್ ಹಾಕಿದರೆ ಚಿತ್ರ ಮಂಕಾಗುವುದೇಕೆ?

"ಹೊಸ ಎಚ್‌ಡಿಆರ್ ಟಿವಿ ತಂದೆ ಮಾರಾಯ್ರೇ, ಚಿತ್ರ ಮೊದಲಿಗಿಂತ ಕಪ್ಪು!" ಮಂಗಳೂರಿನಲ್ಲಿ ಈ ದೂರು ಆಗಾಗ ಕಿವಿಗೆ ಬೀಳುತ್ತದೆ. ಇಡೀ ಪರದೆ ಝಗಮಗ ಅನ್ನಬೇಕು ಅಂತ ಅಂಗಡಿಯವರು ಆಸೆ ಹುಟ್ಟಿಸಿರುತ್ತಾರೆ. 4ಕೆ, ಎಚ್‌ಡಿಆರ್ ಎರಡೂ ಒಂದೇ ಅಂದುಕೊಂಡವರೂ ಇದ್ದಾರೆ. 4ಕೆ ಅಂದರೆ ಪರದೆಯಲ್ಲಿ ಎಷ್ಟು ಚುಕ್ಕೆಗಳಿವೆ ಎಂಬ ಲೆಕ್ಕ. ಎಚ್‌ಡಿಆರ್ (ಹೈ ಡೈನಮಿಕ್ ರೇಂಜ್) ಬೇರೆ. ಚುಕ್ಕೆ ಎಷ್ಟು ಕಪ್ಪಾಗಬಹುದು, ಎಷ್ಟು ಬೆಳಗಬಹುದು ಎಂಬುದು ಅದರ ವಿಷಯ.

ಉಡುಪಿಯ ಲಕ್ಷದೀಪೋತ್ಸವ ನೋಡಿದ್ದೀರಲ್ಲ? ಮಧ್ವ ಸರೋವರದ ಕತ್ತಲ ನೀರಿನ ಸಣ್ಣ ಅಲೆಯೂ ಕಾಣುತ್ತದೆ, ಹಣತೆಯ ಕುಡಿಯ ಹಳದಿಯೂ ಕಾಣುತ್ತದೆ. ಹಳೆಯ ಟಿವಿಯಲ್ಲಿ ಕುಡಿ ಬರೀ ಬಿಳಿ ಚುಕ್ಕೆ, ನೀರು ಬರೀ ಬೂದು. ಹಳೆಯ ಪದ್ಧತಿಯಲ್ಲಿ ಚಿತ್ರ ಸಿದ್ಧಮಾಡುವಾಗ ಅತಿ ಹೆಚ್ಚು ಬೆಳಕು ಅಂದರೆ 100 ನಿಟ್ (ಪರದೆಯ ಬೆಳಕು ಅಳೆಯುವ ಮಾನ). ಅದು ಪಿಕ್ಚರ್ ಟ್ಯೂಬ್ ಕಾಲದ ಅಳತೆ. ಟ್ಯೂಬ್ ಗುಜರಿ ಸೇರಿತು, ಅಳತೆ ಮಾತ್ರ ಹೋಗಲಿಲ್ಲ.

ಹಾಗಾದರೆ ಮಿತಿಯನ್ನು ಸುಮ್ನೆ ಏರಿಸಿದರಾಯಿತು, ಅಲ್ವಾ? ಆಗುವುದಿಲ್ಲ. ಹಳೆಯ 8 ಬಿಟ್ ಸಿಗ್ನಲ್‌ನಲ್ಲಿ ಪ್ರತಿ ಬಣ್ಣಕ್ಕೆ ಇರುವುದು 256 ಹಂತ. ಅವನ್ನೇ ಎಳೆದು ಹಂಚಿದರೆ ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. 10 ಬಿಟ್‌ನಲ್ಲಿ 1024 ಹಂತ ಸಿಗುತ್ತದೆ. ಅದನ್ನೂ ಸಮನಾಗಿ ಹಂಚಿದರೆ ಸಾಲದು.

ನನಗೆ ಬಹಳ ಇಷ್ಟವಾದ ಭಾಗ ಇದು. ಬಂಗುಡೆಗೆ 20 ರೂಪಾಯಿ ಏರಿದರೆ ಮೀನು ಮಾರ್ಕೆಟಿನಲ್ಲಿ ಜಗಳವೇ ಆಗುತ್ತದೆ. ಚಿನ್ನದ ಸರಕ್ಕೆ 20 ರೂಪಾಯಿ ಏರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣಿನ ಲೆಕ್ಕವೂ ಹೀಗೇ. ಕತ್ತಲಲ್ಲಿ ಚೂರು ಬೆಳಕು ಜಾಸ್ತಿಯಾದರೂ ತಿಳಿಯುತ್ತದೆ, ಪ್ರಖರ ಬೆಳಕಿನಲ್ಲಿ ಅಷ್ಟೇ ಜಾಸ್ತಿಯಾದರೆ ತಿಳಿಯುವುದಿಲ್ಲ. ಡಾಲ್ಬಿ ಕಂಪನಿ ರೂಪಿಸಿದ, 2014ರಲ್ಲಿ ಮಾನಕವಾದ ಪಿಕ್ಯೂ ಎಂಬ ಎಚ್‌ಡಿಆರ್ ಸೂತ್ರ ನಿಂತಿರುವುದು ಇದರ ಮೇಲೆಯೇ. ಅದರ ವ್ಯಾಪ್ತಿ 10,000 ನಿಟ್‌ವರೆಗೆ. ಆದರೂ ಹಂತಗಳಲ್ಲಿ ಸುಮಾರು ಅರ್ಧದಷ್ಟು ಮೊದಲ 100 ನಿಟ್‌ಗೇ ಮೀಸಲು! ಉಳಿದರ್ಧದಲ್ಲಿ ಕುಡಿ, ಮಿಂಚು, ಯಕ್ಷಗಾನ ಕಿರೀಟದ ಹೊಳಪು ಎಲ್ಲ.

ಇನ್ನು ಮಂಕಿನ ವಿಷಯ. ಹಳೆಯ ಸಿಗ್ನಲ್ "ನಿನ್ನ ಶಕ್ತಿಯಲ್ಲಿ ಇಷ್ಟು ಪಾಲು ಬೆಳಗು" ಅನ್ನುತ್ತದೆ. ಟಿವಿಯ ಶಕ್ತಿ ಹೆಚ್ಚಿದ್ದರೆ ಚಿತ್ರವೂ ಹೆಚ್ಚು ಬೆಳಗುತ್ತದೆ. ಪಿಕ್ಯೂ "ಇಲ್ಲಿ ಇಷ್ಟೇ ನಿಟ್" ಅಂತ ಖಡಾಖಂಡಿತ ಹೇಳುತ್ತದೆ. ಆ ಅಳತೆ ಗೊತ್ತುಮಾಡಿದ್ದು ಮಬ್ಬುಗತ್ತಲ ಕೋಣೆಯಲ್ಲಿ. ಕಿಟಕಿ ತೆರೆದಿಟ್ಟು ಮಧ್ಯಾಹ್ನ ನೋಡಿದರೆ ಮಂಕಾಗದೆ ಇನ್ನೇನು? ಅಗ್ಗದ ಟಿವಿಗೆ ಇನ್ನೊಂದು ತಾಪತ್ರಯ. 1000 ನಿಟ್‌ಗೆ ಸಿದ್ಧವಾದ ಚಿತ್ರವನ್ನು ಅದು ತನ್ನ 300 ನಿಟ್‌ನೊಳಗೆ ತುರುಕಬೇಕು. ಆ ಭರದಲ್ಲಿ ಎಷ್ಟೋ ಸಲ ಇಡೀ ಚಿತ್ರವನ್ನೇ ತಗ್ಗಿಸಿಬಿಡುತ್ತದೆ. ನೇರ ಪ್ರಸಾರಕ್ಕೆಂದು ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಮಾಡಿದ ಎಚ್‌ಎಲ್‌ಜಿ ಎಂಬ ಇನ್ನೊಂದು ಎಚ್‌ಡಿಆರ್ ಪದ್ಧತಿಯಲ್ಲಿ "ಇಷ್ಟೇ ನಿಟ್" ಎಂಬ ಹಠ ಇಲ್ಲ.

ಕೊಳ್ಳುವಾಗ ಡಬ್ಬಿಯ ಮೇಲಿನ ಎಚ್‌ಡಿಆರ್ ಸ್ಟಿಕ್ಕರ್ ನಂಬಬೇಡಿ. ಸಿಗ್ನಲ್ ಓದಬಲ್ಲ ಯಾವ ಟಿವಿಗೂ ಅದನ್ನು ಅಂಟಿಸುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಒಂದೇ ದೀಪ ಇರುವ ದೃಶ್ಯ ಹಾಕಿಸಿ, ಸಾಧ್ಯವಾದರೆ ಅಂಗಡಿಯ ಲೈಟ್ ಆರಿಸಲು ಹೇಳಿ. ದೀಪದ ಸುತ್ತ ಮಂಜಿನಂಥ ಬೆಳಕು ಹರಡಿದರೆ, ಹಿಂಬದಿಯ ಎಲ್‌ಇಡಿಗಳನ್ನು ಅಲ್ಲಲ್ಲಿಗೆ ಬೇಕಾದಷ್ಟೇ ತಗ್ಗಿಸಲು ಆ ಟಿವಿಗೆ ಆಗುತ್ತಿಲ್ಲ ಅಂತಲೇ ಅರ್ಥ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ, ಅಲ್ಲಿ ಈ ಮಂಜು ಇರುವುದಿಲ್ಲ. ರೇಟು ಮಾತ್ರ ಜಾಸ್ತಿ.