ಪದಕ್ಕೆ ಅರ್ಧ ಸೆಂಟ್: ಫ್ಯಾಂಟಸಿ ಪತ್ರಿಕೆಗಳ ಬಾಕಿ ಲೆಕ್ಕ

ಕತ್ತಿ ಹಿಡಿದು ಅಲೆಯುವ ವೀರ ಕೊನನ್‌ನನ್ನು ಸಿನಿಮಾದಲ್ಲೋ ಕಾಮಿಕ್ಸ್‌ನಲ್ಲೋ ನೋಡಿದವರು ಬಹಳ ಮಂದಿ. ಆ ಪಾತ್ರವನ್ನು ಸೃಷ್ಟಿಸಿದ ರಾಬರ್ಟ್ ಇ. ಹೋವರ್ಡ್ 1935ರ ಮೇ ತಿಂಗಳಲ್ಲಿ ತಮ್ಮ ಸಂಪಾದಕರಿಗೆ ಒಂದು ಕಾಗದ ಬರೆದರು. ಅಚ್ಚಾದ ಕಥೆಗಳ ದುಡ್ಡು ಇನ್ನೂ ಬಂದಿಲ್ಲ, ದಯವಿಟ್ಟು ಕೊಡಿ ಎಂಬುದೇ ಅದರ ಸಾರ. ಬಾಕಿ 800 ಡಾಲರಿಗೂ ಜಾಸ್ತಿ ಇತ್ತು. ಟೆಕ್ಸಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿ ಅವರ ತಾಯಿ ಕ್ಷಯದಿಂದ ನರಳುತ್ತಿದ್ದರು. ಆಸ್ಪತ್ರೆ ಖರ್ಚು ಏರುತ್ತಲೇ ಇತ್ತು. ಮರುವರ್ಷ ಜೂನ್‌ನಲ್ಲಿ, 30ನೇ ವಯಸ್ಸಿಗೆ ಹೋವರ್ಡ್ ತೀರಿಕೊಂಡಾಗ ಆ ಬಾಕಿ ಸಾವಿರ ಡಾಲರ್ ದಾಟಿತ್ತು.

ಆ ಪತ್ರಿಕೆ 'ವಿಯರ್ಡ್ ಟೇಲ್ಸ್'. 1923ರ ಮಾರ್ಚ್‌ನಲ್ಲಿ ಷಿಕಾಗೋದಲ್ಲಿ ಶುರುವಾಯಿತು. ಬೇರೆಲ್ಲೂ ಜಾಗ ಸಿಗದ ವಿಚಿತ್ರ ಕಥೆಗಳಿಗೆ ಜಾಗ ಕೊಟ್ಟಿದ್ದು ಅದರ ದೊಡ್ಡತನ. ದುಡ್ಡಿನ ಕಷ್ಟ ಮಾತ್ರ ಹುಟ್ಟಿನಿಂದಲೇ ಬೆನ್ನಿಗಿತ್ತು. ಮುದ್ರಣದವರಿಗೇ ಸಾಲ ಬೆಳೆದು, 1924ರಲ್ಲಿ ಪತ್ರಿಕೆ ಅವರ ಕೈಗೆ ಹೋಯಿತು. ಆಮೇಲೆ ಆರ್ಥಿಕ ಕುಸಿತ ಬಂತು, ಹಣವಿಟ್ಟಿದ್ದ ಬ್ಯಾಂಕೇ ಮುಳುಗಿತು. ಕಥೆಗಾರರಿಗೆ ಸಿಗುತ್ತಿದ್ದದ್ದು ಪದಕ್ಕೆ ಅರ್ಧದಿಂದ ಒಂದು ಸೆಂಟ್. ಅದೂ ಕಥೆ ಒಪ್ಪಿಗೆಯಾದಾಗ ಅಲ್ಲ, ಅಚ್ಚಾದ ಮೇಲೆ. ಕಷ್ಟದ ದಿನಗಳಲ್ಲಿ ಅಚ್ಚಾಗಿ ಎಷ್ಟೋ ತಿಂಗಳಾದ ಮೇಲೆ. ಪತ್ರಿಕೆಯ ನಷ್ಟದ ಭಾರವನ್ನು ಸದ್ದಿಲ್ಲದೆ ಹೊತ್ತವರು ಬರೆಯುವವರೇ.

ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ಅವರನ್ನು ಖಳನಾಯಕ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಭಯಾನಕ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ಅವರ 'ದಿ ಕಾಲ್ ಆಫ್ ಕ್ಥುಲು' ಕಥೆಯನ್ನು ಮೊದಲು ತಿರಸ್ಕರಿಸಿದವರು ಅವರೇ, 1928ರಲ್ಲಿ ಪ್ರಕಟಿಸಿದವರೂ ಅವರೇ. ಇಂಡಿಯಾನಾಪೊಲಿಸ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ಕ್ಯಾಥರೀನ್ ಮೂರ್ ಎಂಬ ತರುಣಿಯ 'ಶಾಂಬ್ಲೋ' ಕಥೆ ಟಪಾಲಿನಲ್ಲಿ ಬಂದಾಗ, ಅದನ್ನು ಓದಿದ ಖುಷಿಗೆ ರೈಟ್ ಆ ದಿನ ಕಚೇರಿಗೇ ರಜೆ ಕೊಟ್ಟರಂತೆ. 1933ರ ನವೆಂಬರ್ ಸಂಚಿಕೆಯಲ್ಲಿ ಅದು ಸಿ. ಎಲ್. ಮೂರ್ ಎಂಬ ಹೆಸರಲ್ಲಿ ಬಂತು. ಹೆಣ್ಣೆಂದು ಮುಚ್ಚಿಡಲು ಹೀಗೆ ಮಾಡಿದರು ಅಂತ ತುಂಬಾ ಜನ ಬರೆದಿದ್ದಾರೆ. ನಿಜವಾದ ಕಾರಣ ನೌಕರಿ. ಬೇರೆ ಆದಾಯ ಇದೆ ಎಂದು ಗೊತ್ತಾದರೆ, ಆ ಬರಗಾಲದಲ್ಲಿ ಬ್ಯಾಂಕಿನವರು ಕೆಲಸದಿಂದ ತೆಗೆದುಬಿಡುತ್ತಾರೆ ಎಂಬ ಭಯ. ಕಥೆಯ ದುಡ್ಡನ್ನೇ ನಂಬಿ ಬದುಕುವಂತಿರಲಿಲ್ಲ ಅಲ್ವಾ?

1939ರಲ್ಲಿ ಬಂದ 'ಅನ್‌ನೋನ್' ಎಂಬ ಇನ್ನೊಂದು ಫ್ಯಾಂಟಸಿ ಪತ್ರಿಕೆ ಯುದ್ಧಕಾಲದ ಕಾಗದದ ಕೊರತೆಯಿಂದ 1943ಕ್ಕೇ ನಿಂತಿತು. 'ವಿಯರ್ಡ್ ಟೇಲ್ಸ್' 1954ರಲ್ಲಿ ಬಾಗಿಲು ಹಾಕಿತು. ಆಮೇಲೂ ಆ ಹೆಸರನ್ನು ಮತ್ತೆ ಮತ್ತೆ ಎಬ್ಬಿಸುವ ಪ್ರಯತ್ನಗಳು ನಡೆದಿವೆ. 1949ರಲ್ಲಿ ಹುಟ್ಟಿದ 'ಫ್ಯಾಂಟಸಿ ಆ್ಯಂಡ್ ಸೈನ್ಸ್ ಫಿಕ್ಷನ್' ಮಾತ್ರ ದಶಕಗಳ ಕಾಲ ಗಟ್ಟಿಯಾಗಿ ನಿಂತಿತು. ಸ್ಟೀಫನ್ ಕಿಂಗ್ ಅವರ 'ಡಾರ್ಕ್ ಟವರ್' ಸರಣಿ ಮೊದಲು ಕಾಣಿಸಿಕೊಂಡದ್ದು ಅಲ್ಲೇ, 1978ರಲ್ಲಿ.

ಇಂಟರ್ನೆಟ್ ಬಂದಾಗ ಕಾಗದ, ಅಂಚೆ, ಅಂಗಡಿ ಕಮಿಷನ್ ಎಲ್ಲ ತಪ್ಪಿತು. 2000ದಲ್ಲಿ ಶುರುವಾದ 'ಸ್ಟ್ರೇಂಜ್ ಹೊರೈಜನ್ಸ್' ಎಂಬ ಜಾಲಪತ್ರಿಕೆ ಒಂದು ಒಳ್ಳೆಯ ದಾರಿ ಹಿಡಿಯಿತು: ಸಂಪಾದಕ ಬಳಗ ಸಂಬಳವಿಲ್ಲದೆ ದುಡಿಯುವುದು, ಓದುಗರ ದೇಣಿಗೆಯಿಂದ ಕಥೆಗಾರರಿಗೆ ಸಂಭಾವನೆ ಕೊಡುವುದು. 2006ರ 'ಕ್ಲಾರ್ಕ್ಸ್‌ವರ್ಲ್ಡ್' ಕೂಡ ಕಥೆಗಳನ್ನು ಉಚಿತವಾಗಿ ಓದಲು ಕೊಟ್ಟು, ಚಂದಾದಾರರನ್ನು ನಂಬಿತು. ಅಮೆರಿಕದ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಲೇಖಕರ ಸಂಘ ವೃತ್ತಿಪರ ಎಂದು ಒಪ್ಪುವ ಕನಿಷ್ಠ ದರ ಪದಕ್ಕೆ 8 ಸೆಂಟ್‌ಗೆ ಏರಿದ್ದು 2019ರಲ್ಲಿ. ಬೆಲೆ ಏರಿಕೆ ಲೆಕ್ಕ ಹಾಕಿದರೆ ಅದು ಹೋವರ್ಡ್ ಕಾಲದ ಒಂದು ಸೆಂಟ್‌ಗಿಂತ ಕಡಿಮೆಯೇ. ಈಗ ದುಡ್ಡು ಸಾಮಾನ್ಯವಾಗಿ ಸಮಯಕ್ಕೆ ಬರುತ್ತದೆ ಎಂಬುದು ದೊಡ್ಡ ವ್ಯತ್ಯಾಸ.

2023ರಲ್ಲಿ ಎರಡು ಏಟು ಒಟ್ಟಿಗೆ ಬಿದ್ದವು. ಅಮೆಜಾನ್ ಕಿಂಡಲ್‌ನಲ್ಲಿ ಪತ್ರಿಕೆಗಳ ಚಂದಾ ವ್ಯವಸ್ಥೆ ನಿಲ್ಲಿಸಿತು. ಅದಕ್ಕೂ ಮುಂಚೆ ಫೆಬ್ರವರಿಯಲ್ಲಿ, ಕೃತಕ ಬುದ್ಧಿಮತ್ತೆಯ (ಎಐ) ಯಂತ್ರದಿಂದ ಬರೆಸಿದ ಕಥೆಗಳು ನೂರಾರು ಬಂದು ಬಿದ್ದಿದ್ದರಿಂದ 'ಕ್ಲಾರ್ಕ್ಸ್‌ವರ್ಲ್ಡ್' ಕಥೆ ಸ್ವೀಕರಿಸುವುದನ್ನೇ ಕೆಲ ದಿನ ನಿಲ್ಲಿಸಬೇಕಾಯಿತು. ಸುಲಭವಾಗಿ ದುಡ್ಡು ಮಾಡಬಹುದು ಎಂಬ ಆಸೆ ಹುಟ್ಟಿಸುವ ವಿಡಿಯೊಗಳನ್ನು ನೋಡಿ ಬಂದವರೇ ಅಂಥ ಕಥೆ ಕಳಿಸಿದವರಲ್ಲಿ ಜಾಸ್ತಿ. ಪರಿಚಿತರಿಂದ ಮಾತ್ರ ಕಥೆ ತರಿಸಿಕೊಂಡಿದ್ದರೆ ಪತ್ರಿಕೆಗೆ ಈ ತಲೆನೋವು ಇರುತ್ತಿರಲಿಲ್ಲ. ಹಾಗೆ ಮಾಡಲು ಸಂಪಾದಕ ನೀಲ್ ಕ್ಲಾರ್ಕ್ ಒಪ್ಪಲಿಲ್ಲ. ಮುಂದಿನ ತಿಂಗಳೇ ಹೆಸರಿಲ್ಲದ ಹೊಸಬರಿಗೂ ಬಾಗಿಲು ಮತ್ತೆ ತೆರೆದರು.