ಹೇಗರ್ಸ್‌ಟೌನಿನ ಆರ್ಗನ್ ಕಂಪನಿ ಮತ್ತು ಅದು ಬಿಟ್ಟುಹೋದ ಕಾಗದಗಳು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್ ಅನ್ನೋ ಊರಲ್ಲಿ ಎಂ.ಪಿ. ಮೋಲರ್ ಅಂತ ಒಂದು ಪೈಪ್ ಆರ್ಗನ್ (ಪೈಪುಗಳಿಗೆ ಗಾಳಿ ಊದಿ ಕೀಬೋರ್ಡಿಂದ ನುಡಿಸೋ ದೊಡ್ಡ ವಾದ್ಯ) ಕಂಪನಿ ಇತ್ತು, 1992ರಲ್ಲಿ ಬಾಗಿಲು ಹಾಕ್ತು. ಅಷ್ಟೊತ್ತಿಗೆ ಅವರು ಮಾಡಿದ ಆರ್ಗನ್‌ಗಳು 11 ಸಾವಿರಕ್ಕೂ ಜಾಸ್ತಿ. ಕಂಪನಿ ಹೋದ್ರೂ ಅವರ ಕಾಂಟ್ರಾಕ್ಟು, ಡ್ರಾಯಿಂಗು, ಪತ್ರಗಳು ರದ್ದಿಗೆ ಹೋಗ್ಲಿಲ್ಲ, ಆರ್ಗನ್ ಹಿಸ್ಟಾರಿಕಲ್ ಸೊಸೈಟಿ ಅನ್ನೋ ಸಂಸ್ಥೆಯ ಸಂಗ್ರಹಕ್ಕೆ ಸೇರಿದವು. ನಂಗೆ ಆ ಕಾಗದಗಳ ಬಗ್ಗೇನೇ ಹೇಳ್ಬೇಕು, ಯಾಕಂದ್ರೆ ಆ ವಾದ್ಯಗಳ ಶಬ್ದದ ಅರ್ಧ ಅಲ್ಲೇ ಇದೆ.

ಕಂಪನಿ ಕಟ್ಟಿದ ಮಥಾಯಸ್ ಪೀಟರ್ ಮೋಲರ್ ಹುಟ್ಟಿದ್ದು 1854ರಲ್ಲಿ, ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದಲ್ಲಿ. 1872ರಲ್ಲಿ ಅಮೆರಿಕಕ್ಕೆ ಬಂದು, ಪೆನ್ಸಿಲ್ವೇನಿಯಾದ ಒಂದು ಆರ್ಗನ್ ಕಾರ್ಖಾನೆಯಲ್ಲಿ ಕೆಲಸ ಕಲಿತು, 1875ರಲ್ಲಿ ಸ್ವಂತ ಕೆಲಸ ಶುರು ಮಾಡಿದ್ರು, 1881ರಲ್ಲಿ ಹೇಗರ್ಸ್‌ಟೌನಿಗೆ ಬಂದು ನೆಲೆಯೂರಿದ್ರು. ಮಧ್ಯದಲ್ಲಿ ಕಾರುಗಳನ್ನೂ ಮಾಡಿದ್ರು, 1920ರ ದಶಕದ ಡ್ಯಾಗ್ಮರ್ ಅನ್ನೋ ದುಬಾರಿ ಕಾರು ಅವರದ್ದೇ. 1937ರಲ್ಲಿ ತೀರ್ಕೊಂಡ್ರು.

ಪ್ರತಿ ಆರ್ಗನ್‌ಗೂ ಒಂದು ಓಪಸ್ ನಂಬರು ಇರುತ್ತೆ, ಅಂದ್ರೆ ಇದು ಕಂಪನಿಯ ಎಷ್ಟನೇ ಕೆಲಸ ಅಂತ. ಬರೀ ಈ ನಂಬರುಗಳನ್ನ ಸಾಲಾಗಿ ಇಟ್ರೂ ಸಾಕು, ಕಥೆ ತಾನೇ ಬಿಚ್ಕೊಳ್ಳುತ್ತೆ. ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ಚಾಪೆಲ್‌ಗೆ 1911ರಲ್ಲಿ ಮಾಡಿದ್ದು ಓಪಸ್ 1200. ಅಟ್ಲಾಂಟಾದ ಫಾಕ್ಸ್ ಥಿಯೇಟರಿನ 'ಮೈಟಿ ಮೋ' ಅನ್ನೋ ಅಡ್ಡಹೆಸರಿನ ಆರ್ಗನ್ 1929ರದ್ದು, ಓಪಸ್ 5566. ನೀವೇ ಕಳೆದು ಭಾಗಿಸಿ ನೋಡಿ, ಆ 18 ವರ್ಷ ಸರಾಸರಿ ವರ್ಷಕ್ಕೆ ಸುಮಾರು 240 ಆರ್ಗನ್, ಅಂದ್ರೆ ವಾರಕ್ಕೆ ನಾಲ್ಕೈದು! ಆಮೇಲೆ 1938ರಲ್ಲಿ ಓಪಸ್ 6690, ಅಂದ್ರೆ ವರ್ಷಕ್ಕೆ ಸುಮಾರು 125ಕ್ಕೆ ಇಳೀತು. ಮೂಕಿ ಸಿನಿಮಾ ಜೊತೆ ಆರ್ಗನ್ ನುಡಿಸ್ತಿದ್ದ ಥಿಯೇಟರುಗಳಿಗೆ ಮಾತಾಡೋ ಸಿನಿಮಾ ಬಂದ ಮೇಲೆ ಅದು ಬೇಡವಾಯ್ತು, ಜೊತೆಗೆ ಆರ್ಥಿಕ ಕುಸಿತ. ಎರಡನೇ ಮಹಾಯುದ್ಧದಲ್ಲಂತೂ ಇವರ ಮರಗೆಲಸದವರು ಅದೇ ಊರಿನ ಫೇರ್‌ಚೈಲ್ಡ್ ಕಂಪನಿಯ ತರಬೇತಿ ವಿಮಾನಗಳಿಗೆ ಮರದ ರೆಕ್ಕೆ ಮಾಡಿದ್ರು. ಗಾಳಿ ಸೋರದ ಹಾಗೆ ಮರ ಅಂಟಿಸೋದು ಗೊತ್ತಿದ್ದ ಕೈಗಳು ಅವು.

ಸರಿ, ಒಂದು ಆರ್ಗನ್ನಿನ ಫೈಲಲ್ಲಿ ಇರೋದೇನು? ಅದಕ್ಕೆ ಸ್ವಲ್ಪ ಫಿಸಿಕ್ಸ್ ಬೇಕು. ನಮ್ಮ ಕೊಳಲಲ್ಲಿ ಬೆರಳು ಎತ್ತಿ ಇಳಿಸಿ ಒಂದೇ ಬಿದಿರಲ್ಲಿ ಎಲ್ಲಾ ಸ್ವರ ತೆಗೀತಾರೆ, ಆರ್ಗನ್ನಲ್ಲಿ ಹಾಗಿಲ್ಲ, ಒಂದು ಪೈಪಿಗೆ ಒಂದೇ ಸ್ವರ, ಹಾಗಾಗಿ ಸಾವಿರಾರು ಪೈಪು ಬೇಕು. ಎರಡೂ ಕಡೆ ತೆರೆದಿರೋ 8 ಅಡಿ, ಅಂದ್ರೆ 2.44 ಮೀಟರ್ ಪೈಪು ತಗೊಳ್ಳಿ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನ ಪೈಪಿನ ಉದ್ದದ ಎರಡರಷ್ಟರಿಂದ ಭಾಗಿಸಿದ್ರೆ ಸುಮಾರು 70 ಹರ್ಟ್ಜ್ ಬರುತ್ತೆ. ಆದ್ರೆ ಪೈಪು ನುಡಿಯೋದು 65ರ ಆಸುಪಾಸಲ್ಲಿ. ಕಾರಣ ಏನಂದ್ರೆ ಒಳಗಿನ ಗಾಳಿ ಅದುರೋವಾಗ ತುದಿಯ ಆಚೆಗಿನ, ಬಾಯಿಯ (ಪೈಪಿನ ಬುಡದ ಹತ್ತಿರ ಕೊಯ್ದಿರೋ ಸೀಳು) ಹತ್ತಿರದ ಗಾಳಿಯೂ ಜೊತೆಗೆ ಅದುರುತ್ತೆ, ಪೈಪು ತನ್ನ ಅಳತೆಗಿಂತ ಉದ್ದ ಇದ್ದ ಹಾಗೆ ವರ್ತಿಸುತ್ತೆ. ಪೈಪು ಅಗಲ ಆದಷ್ಟೂ ಇದು ಜಾಸ್ತಿ. ಅಗಲದಿಂದ ನಾದದ ಬಣ್ಣಾನೂ ಬದಲಾಗುತ್ತೆ, ಅಗಲ ಪೈಪಿನದ್ದು ಮೆತ್ತಗೆ ದುಂಡಗೆ, ಸಪೂರ ಪೈಪಿನದ್ದು ಪಿಟೀಲಿನ ಥರ ಚೂಪು.

ಹಾಗಂತ ಒಂದು ಸ್ಥಾಯಿ ಮೇಲೆ ಹೋದಾಗ ಉದ್ದ ಅರ್ಧ ಆಗುತ್ತಲ್ಲ, ಅಗಲಾನೂ ಅರ್ಧ ಮಾಡಿದ್ರೆ ಮೇಲಿನ ಪೈಪುಗಳು ಕಡ್ಡಿ ಥರ ಆಗಿ ದನಿ ಸೊರಗಿ ಹೋಗುತ್ತೆ. 19ನೇ ಶತಮಾನದಲ್ಲಿ ಜರ್ಮನಿಯ ಟೋಪ್ಫರ್ ಅನ್ನೋರು ಕೊಟ್ಟ ಲೆಕ್ಕ ಏನಂದ್ರೆ, ವ್ಯಾಸ ಅರ್ಧ ಆಗೋದು 12 ಸ್ವರಕ್ಕಲ್ಲ, ಸುಮಾರು 16 ಸ್ವರಕ್ಕೆ. ಆರ್ಗನ್ ಕಟ್ಟೋರು ಇದನ್ನ ಸ್ಕೇಲ್ ಅಂತಾರೆ. ಈ ಸ್ಕೇಲು, ಪೈಪಿನ ತವರ-ಸೀಸದ ಪ್ರಮಾಣ, ಗಾಳಿಯ ಒತ್ತಡ ಇಷ್ಟು ಬರೆದಿಟ್ಟಿದ್ರೆ ಕಾಗದದಲ್ಲೇ ಆ ವಾದ್ಯದ ಮೈಕಟ್ಟು ಸಿಕ್ಕಂಗೆ. ಒತ್ತಡಾನ ಅಳೆಯೋದು ಗಾಜಿನ ಕೊಳವೆಯಲ್ಲಿ ನೀರು ಎಷ್ಟು ಇಂಚು ಏರುತ್ತೆ ಅಂತ ನೋಡಿ, ಚರ್ಚಿನದಕ್ಕೆ ಸಾಮಾನ್ಯವಾಗಿ 3-4 ಇಂಚು, ಥಿಯೇಟರಿನದಕ್ಕೆ 10, ಅದಕ್ಕೂ ಮೇಲೆ.

ಇದೆಲ್ಲ ರಿಪೇರಿಗೆ ಬೇಕೇಬೇಕು. ಮೋಲರ್ ಆರ್ಗನ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಕರೆಂಟ್ ಆಯಸ್ಕಾಂತ ಒಂದು ಪುಟ್ಟ ಚರ್ಮದ ಚೀಲದ ಗಾಳಿ ಬಿಡುತ್ತೆ, ಚೀಲ ಕುಗ್ಗಿ ಪೈಪಿನ ಬಾಗಿಲು ತೆಗೆಯುತ್ತೆ. ಅರ್ಧ ಶತಮಾನ ಕಳೆದ್ರೆ ಚರ್ಮ ಬಿರುಕು ಬಿಡುತ್ತೆ, ಕೆಲವು ಪೈಪು ಮೂಕ ಆಗ್ತವೆ, ಕೆಲವು ಬೆರಳು ತೆಗೆದ್ರೂ ಕೂಗ್ತಾನೇ ಇರ್ತವೆ. ಮಧ್ಯದಲ್ಲಿ ಯಾರೋ ಪೈಪು ಬದಲಾಯಿಸಿರ್ತಾರೆ, ಯಾರೋ ಒತ್ತಡ ಏರಿಸಿರ್ತಾರೆ. ಮೂಲದಲ್ಲಿ ಹೇಗಿತ್ತು ಅನ್ನೋದಕ್ಕೆ ಸಾಕ್ಷಿ ಹಳೇ ಕಾಂಟ್ರಾಕ್ಟು.

ಓಪಸ್ 6690 ಇದಕ್ಕೆ ಒಳ್ಳೇ ಉದಾಹರಣೆ, ನಂಗೆ ತುಂಬಾ ಇಷ್ಟದ್ದೂ ಹೌದು. ರೆಜಿನಾಲ್ಡ್ ಫೋರ್ಟ್ ಅನ್ನೋ ಇಂಗ್ಲಿಷ್ ಕಲಾವಿದರು ಊರೂರು ಸುತ್ತೋಕೆ ಅಂತಲೇ ಮಾಡಿಸಿದ್ದು, 5 ಕೀಬೋರ್ಡು, ಸುಮಾರು 30 ಟನ್ ಭಾರ, ಲಾರಿಗಳಲ್ಲಿ ಹೊತ್ಕೊಂಡು ಬ್ರಿಟನ್ನಿನ ಥಿಯೇಟರಿಂದ ಥಿಯೇಟರಿಗೆ ಹೋಗ್ತಿತ್ತು! ಯುದ್ಧ ಬಂದು ಆ ತಿರುಗಾಟ ನಿಂತ್ಹೋಯ್ತು, ಬಿಬಿಸಿಯ ಆರ್ಗನ್ ಬಾಂಬಿಗೆ ಸಿಕ್ಕಿ ನಾಶವಾದ ಮೇಲೆ ಇದು ಬಿಬಿಸಿಗೆ ಸೇರ್ತು, ಆಮೇಲೆ ನೆದರ್ಲೆಂಡ್ಸ್, ಕೊನೆಗೆ ವಾಪಸ್ ಅಮೆರಿಕಕ್ಕೆ ಬಂದು 1980ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾ ಸಿವಿಕ್ ಆಡಿಟೋರಿಯಂ.

ಆದ್ರೆ ಕಾಗದದಲ್ಲಿ ಸಿಗದ ಇನ್ನೊಂದರ್ಧ ಇದೆ. ಪೈಪು ಮಾಡಿದ ತಕ್ಷಣ ಅದು ಹಾಡಲ್ಲ. ವಾಯ್ಸಿಂಗ್ ಮಾಡೋರು ಬಾಯಿಯ ಎತ್ತರ ಒಂದಿಷ್ಟು ಕೊಯ್ದು, ತುಟಿ ಒಳಗೆ ಹೊರಗೆ ಒತ್ತಿ, ಬುಡದ ತೂತು ಹಿಗ್ಗಿಸಿ ಕುಗ್ಗಿಸಿ, ಕಿವಿಗೊಟ್ಟು ಕೇಳಿ ಕೇಳಿ ಒಂದೊಂದನ್ನೇ ಮಾತಾಡಿಸಬೇಕು. ಆ ನಿರ್ಧಾರಗಳನ್ನ ಅವರು ಸಾಮಾನ್ಯವಾಗಿ ಫೈಲಲ್ಲಿ ಬರೀತಿರಲಿಲ್ಲ, ಅವು ಪೈಪಿನ ಬಾಯಲ್ಲೇ ಉಳಿದಿರೋ ಚಾಕುವಿನ ಗುರುತುಗಳು. ಹಾಗಾಗಿ ಹಳೇ ಆರ್ಗನ್ ಬಿಚ್ಚೋವಾಗ ಪೈಪುಗಳನ್ನ ಕರಗಿಸಿಬಿಟ್ರೆ ಫೈಲು ಇದ್ರೂ ಆ ದನಿ ವಾಪಸ್ ಬರಲ್ಲ, ಪೈಪು ಉಳಿಸಿ ಫೈಲು ಕಳೆದ್ರೆ ಯಾವುದು ಎಲ್ಲಿ ನಿಂತಿತ್ತು, ಎಷ್ಟು ಗಾಳಿ ಕುಡೀತಿತ್ತು ಅನ್ನೋದು ಗೊತ್ತಾಗಲ್ಲ. 1970ರ ದಶಕದಲ್ಲಿ ಫಾಕ್ಸ್ ಥಿಯೇಟರನ್ನ ಕೆಡವಿ ಟೆಲಿಫೋನ್ ಕಂಪನಿಯ ಆಫೀಸು ಕಟ್ಟೋಕೆ ಹೊರಟಾಗ ಅಟ್ಲಾಂಟಾದ ಜನ ಹೋರಾಡಿ ನಿಲ್ಲಿಸಿದ್ರು, ಕಟ್ಟಡದ ಜೊತೆ ಮೈಟಿ ಮೋದ 3,622 ಪೈಪುಗಳೂ ತಮ್ಮ ಜಾಗದಲ್ಲೇ ಉಳಿದವು.